ಕೋಲಾರದಲ್ಲಿ ಯೋಗ ಕ್ಲಾಸ್ ಸೇರುವ ಮುನ್ನ: ಯಾವ ಮೈಗೆ ಯಾವ ಶೈಲಿ ಹೊಂದುತ್ತದೆ

ಕೋಲಾರದಲ್ಲಿ ಈಗ ಯೋಗ ಕ್ಲಾಸ್ ಹುಡುಕುವುದು ಕಷ್ಟವೇನಲ್ಲ. ಬೆಳಗ್ಗೆ ಬೇಗ ಎದ್ದು ಹೊರಟರೆ ಯಾವುದಾದರೂ ಪಾರ್ಕಿನಲ್ಲೋ, ದೇವಸ್ಥಾನದ ಅಂಗಳದಲ್ಲೋ, ಕಲ್ಯಾಣ ಮಂಟಪದಲ್ಲೋ ಚಾಪೆ ಹಾಸಿಕೊಂಡು ಕೂತ ಜನ ಕಾಣುತ್ತಾರೆ. ಜಿಮ್‌ನವರು ಪವರ್ ಯೋಗ ಅಂತ ಬೋರ್ಡ್ ಹಾಕಿರುತ್ತಾರೆ. ಮೊಬೈಲ್ ತೆಗೆದರೆ ಆನ್‌ಲೈನ್ ಕ್ಲಾಸ್‌ಗಳ ಜಾಹೀರಾತು. ಕಷ್ಟ ಇರುವುದು ಆರಿಸುವುದರಲ್ಲಿ. ಹಠ, ಅಯ್ಯಂಗಾರ್, ಅಷ್ಟಾಂಗ, ವಿನ್ಯಾಸ, ಯಿನ್, ಕ್ರಿಯೆ, ಹೀಗೆ ಹತ್ತಾರು ಹೆಸರು ಕೇಳಿ, ಪಕ್ಕದ ಮನೆಯವರು ಹೋಗುತ್ತಾರೆ ಅಂತ ತಾವೂ ಹೋಗಿ, ಮಂಡಿ ಹಿಡಿದುಕೊಂಡು ವಾಪಸ್ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಅವರು ಹೇಳುವ ಮಾತು ಒಂದೇ: "ಯೋಗ ನನಗೆ ಆಗಲ್ಲ." ಆಗದೇ ಇದ್ದದ್ದು ಆ ಕ್ಲಾಸ್, ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು. ಶೈಲಿಯ ಹೆಸರಿನಿಂದ ಶುರು ಮಾಡಬೇಡಿ. ನೀವು ದಿನವಿಡೀ ಮಾಡುವ ಕೆಲಸದಿಂದ ಶುರು ಮಾಡಿ. ತೋಟದಲ್ಲಿ ಬಗ್ಗಿ ದುಡಿಯುವವರಿಗೂ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವವರಿಗೂ ಒಂದೇ ಕ್ಲಾಸ್ ಹೇಗೆ ಸರಿಹೋಗುತ್ತದೆ ಹೇಳಿ?

ಹೆಜ್ಜೆ 1: ನಿಮ್ಮ ಮೈ ದಿನವೆಲ್ಲ ಏನು ಮಾಡುತ್ತದೆ ಅಂತ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಿನ್ನೆ ಎಷ್ಟು ಹೊತ್ತು ಕೂತಿದ್ದಿರಿ, ಎಷ್ಟು ಹೊತ್ತು ನಿಂತಿದ್ದಿರಿ, ಎಷ್ಟು ಹೊತ್ತು ಬಗ್ಗಿದ್ದಿರಿ? ಸಂಜೆ ಎಲ್ಲಿ ನೋಯುತ್ತದೆ? ನಿದ್ದೆ ಹೇಗಿದೆ? ದಿನದಲ್ಲಿ ನಿಮಗೇ ಅಂತ ಸಿಗುವ ಒಂದು ಗಂಟೆ ಯಾವುದು? ಇಷ್ಟು ಬರೆದರೆ ಸಾಕು.

ಟೊಮೆಟೊ ತೋಟ ಇರುವವರ ದಿನ ನೋಡಿ. ನಾಟಿಗೆ ಬಗ್ಗಬೇಕು, ಕಳೆ ಕೀಳಲು ಬಗ್ಗಬೇಕು, ಹಣ್ಣು ಬಿಡಿಸಲು ಬಗ್ಗಬೇಕು, ಆಮೇಲೆ 15 ಕೆಜಿ ಬಾಕ್ಸ್ ಎತ್ತಿ ಗಾಡಿಗೆ ಹಾಕಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುವವರದೂ, ಹಾಲು ಕರೆಯುವವರದೂ ಹೆಚ್ಚುಕಡಿಮೆ ಇದೇ ಕಥೆ. ಇಷ್ಟು ಹೊತ್ತು ಮುಂದಕ್ಕೆ ಬಾಗಿದ ಬೆನ್ನನ್ನು ಕ್ಲಾಸಿಗೆ ತಂದು ಮತ್ತೆ ಪಾದಹಸ್ತಾಸನ, ಪಶ್ಚಿಮೋತ್ತಾನಾಸನ ಅಂತ ಮುಂದಕ್ಕೇ ಎಳೆದರೆ ನೋವು ಜಾಸ್ತಿಯಾಗಬಹುದು. ಇವರಿಗೆ ಬೇಕಾದದ್ದು ನಿಧಾನಕ್ಕೆ ಹಿಂದಕ್ಕೆ ಬಾಗುವ ಭುಜಂಗಾಸನ, ಸೇತುಬಂಧಾಸನ, ತೊಡೆಯ ಹಿಂಭಾಗ ಸಡಿಲಿಸುವ ಮಲಗಿ ಮಾಡುವ ಆಸನಗಳು, ಗೋಡೆಗೆ ಕಾಲು ಒರಗಿಸಿ ಮಲಗುವುದು. ಮೈ ಈಗಾಗಲೇ ಸಾಕಷ್ಟು ದಣಿದಿರುವುದರಿಂದ ವೇಗದ ಕ್ಲಾಸ್ ಇವರಿಗೆ ಅಗತ್ಯವಿಲ್ಲ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಹುಡುಗ ಹುಡುಗಿಯರ ಪಾಡು ಬೇರೆ. ಗಂಟೆಗಟ್ಟಲೆ ನಿಂತು ಮೀನಖಂಡ ಬಿಗಿಯುತ್ತದೆ, ಪಾದ ಊದುತ್ತದೆ, ಶಿಫ್ಟ್ ಬದಲಾದಾಗೆಲ್ಲ ನಿದ್ದೆ ಕೆಡುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ಬೆಳಗ್ಗೆ ಆರಕ್ಕೆ ಬಿರುಸಿನ ಸೂರ್ಯ ನಮಸ್ಕಾರದ ಕ್ಲಾಸಿಗೆ ಹೋದರೆ ಆಮೇಲೆ ಮಲಗಿದರೂ ನಿದ್ದೆ ಹತ್ತುವುದು ಕಷ್ಟ. ಅವರಿಗೆ ಕಾಲಿಗೆ ವಿಶ್ರಾಂತಿ ಕೊಡುವ ಆಸನಗಳು ಮತ್ತು ಯೋಗನಿದ್ರೆ (ಮಲಗಿ ಮಾಡುವ ವಿಶ್ರಾಂತಿಯ ಅಭ್ಯಾಸ) ಇರುವ ಕ್ಲಾಸ್ ಒಳ್ಳೆಯದು.

ಮಾಲೂರು, ಬಂಗಾರಪೇಟೆ, ಕೆಜಿಎಫ್‌ನಿಂದ ದಿನಾ ಬೆಂಗಳೂರಿಗೆ ಓಡಾಡುವವರು ರೈಲಿನಲ್ಲೂ ಕೂರುತ್ತಾರೆ, ಆಫೀಸಿನಲ್ಲೂ ಕೂರುತ್ತಾರೆ. ಕುತ್ತಿಗೆ ಮುಂದೆ, ಭುಜ ಒಳಗೆ, ಸೊಂಟದ ಮುಂಭಾಗ ಬಿಗಿ. ಇವರಿಗೆ ನಿಂತು ಮಾಡುವ ಆಸನಗಳು ಬೇಕು, ಎದೆ ತೆರೆಯಬೇಕು, ಸ್ವಲ್ಪ ಬೆವರೂ ಬರಬೇಕು.

ಮನೆಯಲ್ಲೇ ಇರುವ ಹೆಂಗಸರದು ಹೆಚ್ಚಾಗಿ ಮಂಡಿ ಮತ್ತು ಭುಜದ ದೂರು. ರಿಟೈರ್ ಆದವರಿಗೆ ಬೀಳದೆ ನಡೆಯುವುದೇ ದೊಡ್ಡ ವಿಷಯ. ಇವರೆಲ್ಲ ಎಲ್ಲಿಗೆ ಹೋಗಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಕಾಯಿಲೆ ಇದ್ದರೆ ಡಾಕ್ಟರ್ ಹತ್ತಿರ ಒಂದು ಮಾತು

ಆರೋಗ್ಯವಾಗಿದ್ದು ಚೆನ್ನಾಗಿ ಓಡಾಡಿಕೊಂಡಿರುವವರಿಗೆ ಇದು ಬೇಕಿಲ್ಲ, ಮುಂದೆ ಹೋಗಿ. ಬಿಪಿ, ಶುಗರ್, ಹೃದಯದ ತೊಂದರೆ, ಗ್ಲಾಕೋಮಾ, ಹರ್ನಿಯಾ, ಡಿಸ್ಕ್ ಸಮಸ್ಯೆ, ಮೂಳೆ ಸವೆತ (ಆಸ್ಟಿಯೊಪೊರೋಸಿಸ್), ಮೂರ್ಛೆ ರೋಗ, ಇತ್ತೀಚೆಗೆ ಆಪರೇಷನ್, ಗರ್ಭಿಣಿ, ಇದರಲ್ಲಿ ಯಾವುದಾದರೂ ಇದ್ದರೆ ಮಾತ್ರ ದಯವಿಟ್ಟು ಓದಿ.

ಬಿಪಿ ಹತೋಟಿಯಲ್ಲಿ ಇಲ್ಲದವರು ಮತ್ತು ಹೃದ್ರೋಗ ಇರುವವರು ಜೋರಾಗಿ, ವೇಗವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ ಮಾಡಬಾರದು. ಶೀರ್ಷಾಸನ, ಸರ್ವಾಂಗಾಸನದಂಥ ತಲೆಕೆಳಗಾದ ಆಸನಗಳೂ ಬೇಡ. ಗ್ಲಾಕೋಮಾ ಇರುವವರಿಗೂ ಶೀರ್ಷಾಸನ ಅಪಾಯ, ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಹರ್ನಿಯಾ ಮತ್ತು ಮೂರ್ಛೆ ರೋಗ ಇದ್ದವರಿಗೆ ಕಪಾಲಭಾತಿ ಬೇಡ. ಮೂಳೆ ಸವೆದವರು ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಬಗ್ಗುವುದನ್ನು ಬಿಡಬೇಕು. ಗರ್ಭಿಣಿಯರು ತಮ್ಮ ಡಾಕ್ಟರ್ ಒಪ್ಪಿದ ಮೇಲೆ ಗರ್ಭಿಣಿಯರಿಗೇ ಅಂತ ನಡೆಸುವ ಕ್ಲಾಸಿಗೆ ಮಾತ್ರ ಹೋಗಲಿ. ಹೊಟ್ಟೆ ಮೇಲೆ ಮಲಗುವುದು, ಜೋರಾಗಿ ತಿರುಚುವುದು, ಕಪಾಲಭಾತಿ ಅವರಿಗೆ ಬೇಡ, ಕೊನೆಯ ತಿಂಗಳುಗಳಲ್ಲಿ ಅಂಗಾತ ಬಹಳ ಹೊತ್ತು ಮಲಗುವುದೂ ಬೇಡ.

ಶುಗರ್ ಇರುವವರಿಗೆ ಒಂದು ವಿಶೇಷ ಎಚ್ಚರಿಕೆ. ಯೋಗಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಎಲ್ಲ ಕಡೆ ಹೇಳುತ್ತಾರೆ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಜೋರಾಗಿ ಮೈ ದಂಡಿಸಿದರೆ ಶುಗರ್ ಇದ್ದಕ್ಕಿದ್ದಂತೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜು, ಇವು ಅದರ ಲಕ್ಷಣ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಿ, ಮೇಷ್ಟ್ರಿಗೂ ಪಕ್ಕದವರಿಗೂ ಮೊದಲೇ ಹೇಳಿರಿ, ಕ್ಲಾಸಿಗೆ ಮುಂಚೆ ಏನು ತಿನ್ನಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಯೋಗ ಶುರು ಮಾಡಿದೆ ಅಂತ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ, ಯಾರು ಹೇಳಿದರೂ ಸರಿ.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ಸೇರಿದ್ದು. ವರ್ಷಗಟ್ಟಲೆ ಆಳದ ಬೋರ್‌ವೆಲ್ ನೀರು ಕುಡಿದ ಕೆಲವು ಹಳ್ಳಿಗಳಲ್ಲಿ ಫ್ಲೋರೈಡ್‌ನಿಂದ ಕೀಲು, ಬೆನ್ನೆಲುಬು ಗಟ್ಟಿಯಾದವರು ಇದ್ದಾರೆ. ಅವರ ಬಿಗಿತ ಸಾಮಾನ್ಯ ಬಿಗಿತದಂಥದ್ದಲ್ಲ, ಅದು ಮೂಳೆಯಲ್ಲೇ ಆದ ಬದಲಾವಣೆ. "ದಿನಾ ಮಾಡಿದರೆ ಬಗ್ಗುತ್ತೆ, ಇನ್ನೂ ಸ್ವಲ್ಪ ತಳ್ಳಿ" ಅನ್ನುವ ಮಾತು ಅವರಿಗೆ ಹೊಂದುವುದಿಲ್ಲ. ಇಂಥ ಅನುಮಾನ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಆದ ಮೇಲೆ ಕುರ್ಚಿಯಲ್ಲಿ ಕೂತು ಮಾಡುವ ಸರಳ ಚಲನೆ ಮತ್ತು ಉಸಿರಾಟದಿಂದ ಶುರು ಮಾಡಲಿ.

ಹೆಜ್ಜೆ 3: ಶೈಲಿಗಳನ್ನು ತಿಳಿದುಕೊಳ್ಳಿ

ಇದೇ ಮುಖ್ಯ ಭಾಗ, ಸ್ವಲ್ಪ ಉದ್ದ ಇದೆ.

ಪಾರ್ಕಿನ ಬೆಳಗಿನ ಕ್ಲಾಸ್. ಹೆಚ್ಚಿನವರು ಶುರು ಮಾಡುವುದು ಇಲ್ಲಿ, ಅದು ಒಳ್ಳೆಯದೇ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಕರ್ನಾಟಕದ ಊರೂರುಗಳಲ್ಲಿ ಬೆಳಗಿನ ಹೊತ್ತು ಉಚಿತವಾಗಿ ಕ್ಲಾಸ್ ನಡೆಸುತ್ತಾರೆ. ಹರಿದ್ವಾರದ ಪತಂಜಲಿ ಸಂಸ್ಥೆಯ ಕ್ಲಾಸ್‌ಗಳು ಬೇರೆ, ಅಲ್ಲಿ ಪ್ರಾಣಾಯಾಮಕ್ಕೆ, ಅದರಲ್ಲೂ ಕಪಾಲಭಾತಿಗೆ ಒತ್ತು ಜಾಸ್ತಿ. ಆಯುಷ್ ಇಲಾಖೆಯ ಆರೋಗ್ಯ ಕೇಂದ್ರಗಳಲ್ಲೂ ಯೋಗ ಹೇಳಿಕೊಡುವವರು ಇರುತ್ತಾರೆ, ನಿಮ್ಮ ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ. 2015ರಿಂದ ಪ್ರತಿ ಜೂನ್ 21ಕ್ಕೆ ನಡೆಯುವ ಅಂತರರಾಷ್ಟ್ರೀಯ ಯೋಗ ದಿನದ ಸಾಮಾನ್ಯ ಯೋಗ ಶಿಷ್ಟಾಚಾರ ಇದೆಯಲ್ಲ, ಆ 45 ನಿಮಿಷದ ಕ್ರಮವೂ ಹೊಸಬರಿಗೆ ಚೆನ್ನಾಗಿದೆ: ಮೊದಲು ಕೀಲು ಸಡಿಲಿಸುವುದು, ನಿಂತು ತಾಡಾಸನ, ವೃಕ್ಷಾಸನ, ತ್ರಿಕೋನಾಸನ, ಕೂತು ವಜ್ರಾಸನ, ವಕ್ರಾಸನ, ಬೋರಲಾಗಿ ಭುಜಂಗಾಸನ, ಅಂಗಾತ ಸೇತುಬಂಧ, ಕೊನೆಗೆ ನಾಡಿಶೋಧನ (ಮೂಗಿನ ಒಂದೊಂದೇ ಹೊಳ್ಳೆಯಿಂದ ಉಸಿರಾಡುವುದು), ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು), ಧ್ಯಾನ. ಇಂಥ ಕ್ಲಾಸಿನ ದೊಡ್ಡ ಲಾಭ ಜೊತೆ. ದಿನಾ ಅದೇ ಮುಖಗಳು, ಒಂದು ದಿನ ಬರದಿದ್ದರೆ "ಏನಕ್ಕಾ, ಹುಷಾರಿಲ್ವಾ" ಅಂತ ಕೇಳುವವರು, ಇದರಿಂದ ಅಭ್ಯಾಸ ತಪ್ಪುವುದಿಲ್ಲ. ಕೊರತೆ ಅಂದರೆ ಐವತ್ತು ಜನಕ್ಕೆ ಒಬ್ಬರೇ ಮೇಷ್ಟ್ರು ಇದ್ದರೆ ನಿಮ್ಮ ಮಂಡಿ ಎತ್ತ ತಿರುಗಿದೆ ಅಂತ ನೋಡುವವರು ಇರುವುದಿಲ್ಲ. ನೋವು ಇರುವವರು ಮುಂದಿನ ಸಾಲಿನಲ್ಲಿ ಕೂರಿ, ಮೊದಲೇ ಹೇಳಿ.

ಅಯ್ಯಂಗಾರ್ ಯೋಗ. ಇದು ನಮ್ಮೂರಿನದು ಅಂತ ಹೆಮ್ಮೆಯಿಂದ ಹೇಳಬಹುದು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್ 14ರಂದು, ನರಸಾಪುರದ ಹತ್ತಿರದ ಬೆಳ್ಳೂರಿನಲ್ಲಿ. ಅದು ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷ. ಬಾಲ್ಯವಿಡೀ ಮಲೇರಿಯಾ, ಟೈಫಾಯ್ಡ್, ಕ್ಷಯ ಅಂತ ಕಾಯಿಲೆ ಬಿದ್ದ ಹುಡುಗ, 1934ರಲ್ಲಿ ಮೈಸೂರಿಗೆ ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರ ಹತ್ತಿರ ಹೋಗಿ ಯೋಗ ಕಲಿತರು. ಪುಣೆಯಲ್ಲಿ ನೆಲೆಸಿ ಜಗತ್ತಿಗೆ ಕಲಿಸಿದರು, 2014ರಲ್ಲಿ ಪದ್ಮವಿಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಬೆಳ್ಳೂರಿನಲ್ಲಿ ಅವರ ಟ್ರಸ್ಟಿನ ಶಾಲೆ, ಆಸ್ಪತ್ರೆ, ಪತಂಜಲಿ ಮಂದಿರ ಇವೆ. ಕೋಲಾರದಲ್ಲಿ ಇದ್ದು ಒಮ್ಮೆಯೂ ಅಲ್ಲಿಗೆ ಹೋಗದವರು ಒಂದು ಭಾನುವಾರ ಹೋಗಿ ಬನ್ನಿ.

ಈ ಕ್ಲಾಸಿನಲ್ಲಿ ಆಸನಗಳು ಕಡಿಮೆ, ತಿದ್ದುವುದು ಜಾಸ್ತಿ. ಒಂದು ತ್ರಿಕೋನಾಸನಕ್ಕೆ ಪಾದ ಎಲ್ಲಿಡಬೇಕು, ಮಂಡಿಚಿಪ್ಪು ಹೇಗೆ ಮೇಲೆಳೆಯಬೇಕು, ಭುಜ ಯಾವ ಕಡೆ ತಿರುಗಬೇಕು ಅಂತ ಹೇಳುತ್ತಾ ಹೋಗುತ್ತಾರೆ, ಆಸನದಲ್ಲಿ ಸಾಕಷ್ಟು ಹೊತ್ತು ನಿಲ್ಲಿಸುತ್ತಾರೆ. ಬೆಲ್ಟ್, ಮರದ ಇಟ್ಟಿಗೆ, ದಿಂಬು, ಕಂಬಳಿ, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ, ಇವೆಲ್ಲ ಬಗ್ಗಲಾಗದವರಿಗೂ ಆಸನ ಸಿಗಲಿ ಅಂತ ಅವರು ಬಳಕೆಗೆ ತಂದ ಸಾಧನಗಳು. ಕೈ ನೆಲ ಮುಟ್ಟದಿದ್ದರೆ ಇಟ್ಟಿಗೆ ಮೇಲೆ ಇಡಿ, ಅಷ್ಟೇ. ಬೆನ್ನು ನೋವು, ಭುಜ ಹಿಡಿತ, ಕೂತು ಕೂತು ಗೂನಾದ ಬೆನ್ನು ಇರುವವರಿಗೆ ನಾನು ಮೊದಲು ಹೇಳುವುದೇ ಈ ಕ್ಲಾಸ್. ಪ್ರಾಣಾಯಾಮ ತಡವಾಗಿ ಬರುತ್ತದೆ, ಬೆವರು ಸುರಿಯುವ ಓಟ ಇಲ್ಲ, ಆತುರದವರಿಗೆ ಬೇಜಾರಾಗಬಹುದು. ಅಯ್ಯಂಗಾರ್ ಹೆಸರು ಹಾಕಿಕೊಳ್ಳಲು ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆಯಬೇಕು. ಬೋರ್ಡಿನಲ್ಲಿ ಹೆಸರು ಕಂಡರೆ ಅದನ್ನು ಕೇಳಿ ನೋಡಿ.

ಅಷ್ಟಾಂಗ ವಿನ್ಯಾಸ. ಇದು ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರದ್ದು. ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯವರು, ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅಲ್ಲಿ ಕಲಿತ ಕೆ. ಪಟ್ಟಾಭಿ ಜೋಯಿಸರು ಹಾಸನದ ಹತ್ತಿರದ ಕೌಶಿಕದವರು, 1948ರಲ್ಲಿ ಮೈಸೂರಿನಲ್ಲಿ ತಮ್ಮದೇ ಸಂಸ್ಥೆ ಶುರು ಮಾಡಿದರು. ಇದರಲ್ಲಿ ಆಸನಗಳ ಸರಣಿ ನಿಗದಿ, ಒಂದಾದ ಮೇಲೆ ಒಂದು, ಪ್ರತಿ ಚಲನೆಗೂ ಒಂದು ಉಸಿರು. ಸೂರ್ಯ ನಮಸ್ಕಾರದಲ್ಲೇ ಎರಡು ಬಗೆ, ಒಂದರಲ್ಲಿ 9 ಚಲನೆ, ಇನ್ನೊಂದರಲ್ಲಿ 17. ಮೈಸೂರು ಶೈಲಿ ಅಂದರೆ ಎಲ್ಲರೂ ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಸರಣಿ ಮಾಡುತ್ತಿರುತ್ತಾರೆ, ಗುರುಗಳು ಸುತ್ತಾಡಿ ಒಬ್ಬೊಬ್ಬರನ್ನೇ ತಿದ್ದುತ್ತಾರೆ, ಒಂದು ಆಸನ ಬಂದ ಮೇಲೆ ಮುಂದಿನದು. ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಕೊಡುವ ರೂಢಿ ಇದೆ. ಶಕ್ತಿ, ಬೆವರು, ಏಕಾಗ್ರತೆ ಮೂರೂ ಸಿಗುತ್ತವೆ. ಇಪ್ಪತ್ತು ಮೂವತ್ತರ ವಯಸ್ಸಿನ, ಕೂತು ಕೆಲಸ ಮಾಡುವ, ನೋವಿಲ್ಲದವರಿಗೆ ತುಂಬಾ ಒಳ್ಳೆಯದು. ಭುಜ, ಮಣಿಕಟ್ಟು, ಮಂಡಿ ನೋವಿರುವವರಿಗೆ ಬೇಡ. ಮತ್ತೆ ಮತ್ತೆ ಕೈ ಊರಿ ಹಿಂದಕ್ಕೆ ಹಾರುವುದು, ಪದ್ಮಾಸನದ ಬಗೆಗಳು, ಇವು ಅವರ ನೋವನ್ನು ಹೆಚ್ಚಿಸುತ್ತವೆ.

ವಿನ್ಯಾಸ ಫ್ಲೋ, ಪವರ್ ಯೋಗ ಅಂತ ಜಿಮ್‌ಗಳಲ್ಲಿ ನಡೆಯುವುದು ಇದರ ಸಡಿಲ ರೂಪ. ಸರಣಿ ಟೀಚರ್ ಇಷ್ಟದಂತೆ ಬದಲಾಗುತ್ತದೆ, ಹಾಡು ಹಾಕುತ್ತಾರೆ, ವೇಗ ಜಾಸ್ತಿ. ತೂಕ ಇಳಿಸಲು ಅಂತಲೇ ಬರುವವರು ಇಲ್ಲಿ ಹೆಚ್ಚು. ಮೈ ಹಗುರ ಆಗುತ್ತದೆ ನಿಜ, ಆದರೆ ಊಟ ಬದಲಾಗದೆ ತೂಕ ಅಷ್ಟಾಗಿ ಇಳಿಯುವುದಿಲ್ಲ ಅನ್ನುವುದನ್ನು ಸೇರುವ ಮೊದಲೇ ತಿಳಿದುಕೊಂಡಿರಿ.

ಬಿಹಾರ ಶಾಲೆಯ ಕ್ರಮ. ಮಂಡಿ ನೋವಿನ ಅಮ್ಮಂದಿರಿಗೆ, ಅರವತ್ತು ದಾಟಿದವರಿಗೆ ನಾನು ಹೇಳುವುದು ಇದು. ಸ್ವಾಮಿ ಸತ್ಯಾನಂದ ಸರಸ್ವತಿ ಮುಂಗೇರ್‌ನಲ್ಲಿ ಬೆಳೆಸಿದ ಪದ್ಧತಿ. ಇದರ ಪವನಮುಕ್ತಾಸನ ಸರಣಿ ಕಾಲ್ಬೆರಳು ಮಡಿಸುವುದರಿಂದ ಶುರುವಾಗುತ್ತದೆ, ಆಮೇಲೆ ಹಿಮ್ಮಡಿ ತಿರುಗಿಸುವುದು, ಮಂಡಿ ಮಡಿಸಿ ಚಾಚುವುದು, ಮಣಿಕಟ್ಟು, ಮೊಣಕೈ, ಭುಜ, ಕುತ್ತಿಗೆ. ನೋಡಿದವರು ಇದೂ ಒಂದು ಯೋಗವಾ ಅನ್ನುತ್ತಾರೆ. ಎರಡು ಮೂರು ವಾರ ಬಿಡದೆ ಮಾಡಿದವರಿಗೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿಯಲ್ಲಿ ಕೂತು ಮಾಡಬಹುದು. ಯೋಗನಿದ್ರೆಯ ಈಗಿನ ಕ್ರಮವನ್ನು ರೂಪಿಸಿದವರೂ ಇವರೇ: ಶವಾಸನದಲ್ಲಿ ಮಲಗಿ, ಟೀಚರ್ ಹೇಳಿದ ಹಾಗೆ ಮೈಯ ಒಂದೊಂದೇ ಭಾಗಕ್ಕೆ ಗಮನ ಒಯ್ಯುವುದು. ಶಿಫ್ಟ್ ಕೆಲಸದವರು, ನಿದ್ದೆ ಬಾರದವರು, ಪರೀಕ್ಷೆ ಹತ್ತಿರ ಬಂದ ಮಕ್ಕಳು ಇದೊಂದನ್ನಾದರೂ ಕಲಿಯಲಿ.

ಶಿವಾನಂದ ಪದ್ಧತಿಯ ಕ್ಲಾಸ್‌ಗಳಲ್ಲಿ ಪ್ರಾಣಾಯಾಮ, ಸೂರ್ಯ ನಮಸ್ಕಾರ, 12 ಮೂಲ ಆಸನ, ಕೊನೆಗೆ ದೀರ್ಘ ವಿಶ್ರಾಂತಿ ಇರುತ್ತದೆ. ಅದರಲ್ಲಿ ಶೀರ್ಷಾಸನ, ಸರ್ವಾಂಗಾಸನ ಮೊದಲಿಗೇ ಬರುವುದರಿಂದ ಕುತ್ತಿಗೆ ನೋವಿನವರು ಹುಷಾರು.

ಕೋರ್ಸ್ ರೂಪದವು. ಆರ್ಟ್ ಆಫ್ ಲಿವಿಂಗ್‌ನ ಸುದರ್ಶನ ಕ್ರಿಯೆ, ಈಶಾದ ಕ್ರಿಯೆಗಳು ದಿನಾ ಹೋಗುವ ಕ್ಲಾಸ್‌ಗಳಂತಲ್ಲ. ಕೆಲವು ದಿನ ಕೂತು ಕಲಿತು ಆಮೇಲೆ ಮನೆಯಲ್ಲಿ ಮಾಡಬೇಕು. ಚಿಕ್ಕಬಳ್ಳಾಪುರದಲ್ಲಿ 2023ರಲ್ಲಿ ಈಶಾದ 112 ಅಡಿ ಆದಿಯೋಗಿ ಪ್ರತಿಮೆ ಎದ್ದ ಮೇಲೆ ನಮ್ಮ ಕಡೆಯವರು ಚಿಂತಾಮಣಿ ದಾರಿ ಹಿಡಿದು ಅಲ್ಲಿಗೆ ಹೋಗುವುದು ಜಾಸ್ತಿಯಾಗಿದೆ. ಮನಸ್ಸಿನ ಒತ್ತಡಕ್ಕೆ ಇವುಗಳಿಂದ ನೆಮ್ಮದಿ ಕಂಡವರು ಬಹಳ. ಬೆನ್ನು ನೋವಿಗೆ ಪರಿಹಾರ ಹುಡುಕುತ್ತಿದ್ದರೆ ಇಲ್ಲಿಂದ ಶುರು ಮಾಡಬೇಡಿ. ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೇಗದ ಉಸಿರಾಟದ ಕ್ರಿಯೆಗಳಿಗೆ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಯಿನ್ ಯೋಗ ನಿಧಾನದ್ದು, ಒಂದು ಭಂಗಿಯಲ್ಲಿ ಮೂರರಿಂದ ಐದು ನಿಮಿಷ ಇರುತ್ತಾರೆ. ಬಿಸಿ ಕೋಣೆಯಲ್ಲಿ ಮಾಡುವ ಹಾಟ್ ಯೋಗ, ಬಟ್ಟೆಯಲ್ಲಿ ನೇತಾಡುವ ಏರಿಯಲ್ ಯೋಗ ಬೆಂಗಳೂರಿಗೆ ಹೋದರೆ ಸಿಗುತ್ತವೆ. ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಮತ್ತೆ ಬಿಸಿ ಕೋಣೆ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಬಿಪಿ ಇರುವವರಂತೂ ಅತ್ತ ಹೋಗಲೇಬೇಡಿ.

ಚಿಕಿತ್ಸೆಗೆ ಅಂತಲೇ ಯೋಗ ಬೇಕಾದರೆ ದಾರಿ ಬೇರೆ. ಬಿ.ಎನ್.ವೈ.ಎಸ್. ಓದಿದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಡಾಕ್ಟರ್‌ಗಳು ಇದ್ದಾರೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್ ಅದು. ಬೆಂಗಳೂರಿನ ಜಿಗಣಿ ಹತ್ತಿರದ ಎಸ್-ವ್ಯಾಸ ವಿಶ್ವವಿದ್ಯಾಲಯದ ಪ್ರಶಾಂತಿ ಕುಟೀರದಲ್ಲಿ ಒಳರೋಗಿಯಾಗಿ ಇದ್ದು ಯೋಗ ಚಿಕಿತ್ಸೆ ಪಡೆಯುವ ವ್ಯವಸ್ಥೆ ಇದೆ.

ಲಾಭ ಎಷ್ಟು, ಎಲ್ಲಿಯವರೆಗೆ?

ಇದನ್ನು ನೇರವಾಗಿ ಹೇಳಬೇಕು, ಯಾಕಂದರೆ ಯೋಗದ ಹೆಸರಲ್ಲಿ ಬೇಕಾಬಿಟ್ಟಿ ಮಾತು ಕೇಳಿಬರುತ್ತವೆ. ಬಹಳ ದಿನದಿಂದ ಇರುವ ಸೊಂಟ ನೋವಿಗೆ ಯೋಗದಿಂದ ಉಪಯೋಗ ಇದೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಇಂಥ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವೂ ಇದೆ. ಬಿಪಿ ಸ್ವಲ್ಪ ಇಳಿಯುತ್ತದೆ, ಶುಗರ್ ಹತೋಟಿಗೆ ಮಾತ್ರೆ ಮತ್ತು ಊಟದ ಪಥ್ಯದ ಜೊತೆಗೆ ನೆರವಾಗುತ್ತದೆ, ನಿದ್ದೆ ಮತ್ತು ಆತಂಕ ಸುಧಾರಿಸುತ್ತವೆ, ವಯಸ್ಸಾದವರ ಸಮತೋಲನ ಉತ್ತಮವಾಗುತ್ತದೆ. ಇಷ್ಟೇ ಸಾಕಷ್ಟು ದೊಡ್ಡ ಲಾಭ. ಕ್ಯಾನ್ಸರ್ ವಾಸಿ ಮಾಡುತ್ತೇನೆ, ಇನ್ಸುಲಿನ್ ಬಿಡಿಸುತ್ತೇನೆ ಅನ್ನುವವರ ಕ್ಲಾಸಿನಿಂದ ಎದ್ದು ಬನ್ನಿ.

ಸೊಂಟ ನೋವಿನ ಜೊತೆ ಕಾಲು ಜೋಮು ಹಿಡಿದು ಶಕ್ತಿ ಕಡಿಮೆಯಾಗುತ್ತಿದ್ದರೆ, ಮೂತ್ರದ ಹತೋಟಿ ತಪ್ಪಿದರೆ, ಅದು ಯೋಗದ ವಿಷಯವೇ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೂ ಒಂದು. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಏರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಧಾನದ ಯೋಗ ಆ ಲೆಕ್ಕಕ್ಕೆ ಪೂರ್ತಿ ಬರುವುದಿಲ್ಲ. ಪವನಮುಕ್ತಾಸನವೋ ಪ್ರಾಣಾಯಾಮವೋ ಮಾಡುವವರು ಸಂಜೆ ಬಿರುಸಾಗಿ ನಡೆಯಲೂಬೇಕು. ಮಂಡಿ ಗಟ್ಟಿಯಿದ್ದರೆ ಅಂತರಗಂಗೆ ಮೆಟ್ಟಿಲು ಹತ್ತಿ, ಅದಕ್ಕಿಂತ ಒಳ್ಳೆಯ ವ್ಯಾಯಾಮ ನಮ್ಮೂರಿನಲ್ಲಿ ಇನ್ನೊಂದಿಲ್ಲ.

ಹೆಜ್ಜೆ 4: ದುಡ್ಡು ಕಟ್ಟುವ ಮೊದಲು ಒಂದು ದಿನ ಹೋಗಿ ನೋಡಿ

ಒಳ್ಳೆಯ ಕ್ಲಾಸಿನವರು ಒಂದು ದಿನ ಸುಮ್ನೆ ಕೂತು ನೋಡಲು ಇಲ್ಲ ಅನ್ನುವುದಿಲ್ಲ. ಅಲ್ಲಿ ಗಮನಿಸಬೇಕಾದದ್ದು ಮೇಷ್ಟ್ರು ಎಷ್ಟು ಬಗ್ಗುತ್ತಾರೆ ಅಂತಲ್ಲ, ಬಗ್ಗಲಾಗದವರ ಹತ್ತಿರ ಹೋಗಿ ಏನು ಹೇಳುತ್ತಾರೆ ಅಂತ. ದಪ್ಪಗಿರುವವರಿಗೆ, ವಯಸ್ಸಾದವರಿಗೆ ಅದೇ ಆಸನದ ಸುಲಭ ರೂಪ ತೋರಿಸುತ್ತಾರಾ? ಅಥವಾ ಬೆನ್ನ ಮೇಲೆ ಕೈ ಇಟ್ಟು ಒತ್ತುತ್ತಾರಾ? ಹೇಳದೆ ಕೇಳದೆ ಒತ್ತುವವರ ಹತ್ತಿರ ಹೋಗಬೇಡಿ. ಹೊಸಬರನ್ನು "ಏನಾದರೂ ಕಾಯಿಲೆ ಇದೆಯಾ, ಆಪರೇಷನ್ ಆಗಿದೆಯಾ" ಅಂತ ಕೇಳದೆ ನೇರ ಚಾಪೆ ಮೇಲೆ ನಿಲ್ಲಿಸಿದರೆ ಅದೂ ಒಳ್ಳೆಯ ಗುರುತಲ್ಲ. ಕೊನೆಗೆ ಶವಾಸನಕ್ಕೆ ಸಮಯ ಕೊಡುತ್ತಾರಾ, ಇಲ್ಲ ಮುಂದಿನ ಬ್ಯಾಚ್ ಬಂತು ಅಂತ ಎಬ್ಬಿಸುತ್ತಾರಾ, ಅದನ್ನೂ ನೋಡಿ.

ಎಲ್ಲಿ ಕಲಿತಿರಿ ಅಂತ ಮೇಷ್ಟ್ರನ್ನು ಕೇಳಲು ಸಂಕೋಚ ಬೇಡ. "ಸರ್, ತಾವು ಎಲ್ಲಿ ಕಲಿತದ್ದು, ಎಷ್ಟು ವರ್ಷದಿಂದ ಹೇಳಿಕೊಡುತ್ತಿದ್ದೀರಿ" ಅಂತ ಮರ್ಯಾದೆಯಿಂದ ಕೇಳಿದರೆ ನಿಜವಾಗಿ ಕಲಿತವರು ಖುಷಿಯಿಂದ ಹೇಳುತ್ತಾರೆ. 200 ಗಂಟೆಯ ತರಬೇತಿ ಸರ್ಟಿಫಿಕೇಟ್ ತುಂಬಾ ಕಡೆ ಕಾಣುತ್ತದೆ, ಅದನ್ನು ಒಂದು ತಿಂಗಳಲ್ಲೂ ಮುಗಿಸಬಹುದು, ಹಾಗಾಗಿ ಅದರ ಜೊತೆ ಅನುಭವ ಎಷ್ಟು ಅಂತ ನೋಡಬೇಕು. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡ್ ಪರೀಕ್ಷೆ ಪಾಸಾದವರೂ ಸಿಗುತ್ತಾರೆ. ಕಾಗದ ಇಲ್ಲದೆಯೂ ಚೆನ್ನಾಗಿ ಕಲಿಸುವ ಹಿರಿಯರು ಪಾರ್ಕಿನ ಕ್ಲಾಸ್‌ಗಳಲ್ಲಿ ಇದ್ದಾರೆ ಅನ್ನುವುದೂ ನಿಜ.

ಅಮ್ಮನಿಗೋ ಅಜ್ಜಿಗೋ ಕ್ಲಾಸ್ ಹುಡುಕುತ್ತಿದ್ದರೆ ಭಾಷೆಯನ್ನೂ ನೋಡಿ. ನಮ್ಮಲ್ಲಿ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಅನ್ನುವ ಕುಟುಂಬ ಬಹಳ. ಇಂಗ್ಲಿಷ್‌ನಲ್ಲಿ ಹೇಳುವ ಆನ್‌ಲೈನ್ ಕ್ಲಾಸ್ ಅವರಿಗೆ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ತಮಗೆ ತಿಳಿಯುವ ಮಾತಿನಲ್ಲಿ "ಮಂಡಿ ನೋವಾದ್ರೆ ನಿಲ್ಲಿಸಮ್ಮಾ" ಅನ್ನುವವರು ಬೇಕು.

ಫೀಸ್ ಒಂದು ತಿಂಗಳದ್ದು ಮಾತ್ರ ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅನ್ನುತ್ತಾರೆ, ಮೊದಲ ಸಲ ಬೇಡ.

ಹೆಜ್ಜೆ 5: ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ನಿಂತು ಮಾಡುವ ಆಸನ ಇದ್ದರೆ ಜಾರದ ಮ್ಯಾಟ್ ಬೇಕು, ಚಾಪೆ ಅಥವಾ ಜಮಖಾನದ ಮೇಲೆ ಕಾಲು ಅಗಲಿಸಿ ನಿಂತರೆ ಜಾರುತ್ತದೆ. 4 ಮಿಲಿಮೀಟರ್ ದಪ್ಪ ನಿಂತು ಮಾಡುವುದಕ್ಕೆ ಸ್ಥಿರ, ಮಂಡಿ ನೋವಿರುವವರು 6 ಮಿಲಿಮೀಟರ್ ತೆಗೆದುಕೊಳ್ಳಿ, ಇಲ್ಲವೇ ಮಂಡಿ ಕೆಳಗೆ ಟವೆಲ್ ಮಡಚಿ ಇಡಿ. ಕೂತು, ಮಲಗಿ ಮಾಡುವುದಕ್ಕೆ ಮನೆಯ ಜಮಖಾನವೇ ಸಾಕು. ಬೆಲ್ಟ್ ಬದಲು ಹಳೆಯ ವೇಲ್ ಅಥವಾ ಪಂಚೆ, ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು) ಬದಲು ಗಟ್ಟಿಯಾಗಿ ಸುತ್ತಿದ ಕಂಬಳಿ ನಡೆಯುತ್ತದೆ. ಹೆಂಗಸರು ಚೂಡಿದಾರ್ ಹಾಕಿಕೊಂಡು ಬಂದರೆ ವೇಲ್ ತೆಗೆದಿಡಿ, ತಿರುಗುವಾಗ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಊಟ ಆಗಿ ಮೂರು ನಾಲ್ಕು ಗಂಟೆ ಆಗಿರಬೇಕು. ಸಂಜೆ ಕ್ಲಾಸಿನವರು ಮಧ್ಯಾಹ್ನ ಮುದ್ದೆ ಊಟ ಮಾಡಿ ಆಮೇಲೆ ಏನೂ ತಿನ್ನದೆ ಬಂದರೆ ಸರಿಯಾಗುತ್ತದೆ. ಇನ್ಸುಲಿನ್, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೇಲೆ ಹೇಳಿದಂತೆ ಡಾಕ್ಟರನ್ನು ಕೇಳಿಯೇ ಬನ್ನಿ.

ಹೆಜ್ಜೆ 6: ಮೊದಲ ತಿಂಗಳು

ವಾರಕ್ಕೆ ಮೂರು ದಿನ ಹೋದರೂ ಸಾಕು, ಬಿಡಬಾರದು ಅಷ್ಟೇ. ಮೊದಲ ವಾರ ತೊಡೆ, ಪಕ್ಕೆ ಸ್ವಲ್ಪ ನೋಯುತ್ತವೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಆದರೆ ಕೀಲಿನ ಒಳಗೆ ಚುಚ್ಚುವ ನೋವು, ಕಾಲಿಗೋ ಕೈಗೋ ಹರಿಯುವ ಜುಮ್ಮೆನ್ನುವ ನೋವು, ತಲೆಸುತ್ತು ಬಂದರೆ ಆ ಆಸನ ಅಲ್ಲಿಗೇ ನಿಲ್ಲಿಸಿ ಮೇಷ್ಟ್ರಿಗೆ ಹೇಳಿ. ಪಕ್ಕದವರ ಕೈ ಪಾದ ಮುಟ್ಟಿತು ಅಂತ ನಿಮ್ಮದೂ ಮುಟ್ಟಬೇಕಿಲ್ಲ, ಅವರ ತೋಳು ಕಾಲುಗಳ ಉದ್ದವೇ ಬೇರೆ. ವಜ್ರಾಸನದಲ್ಲಿ ಮಂಡಿ ನೋಯುವವರು ಹಿಮ್ಮಡಿ ಮತ್ತು ಸೀಟಿನ ಮಧ್ಯೆ ದಿಂಬು ಇಟ್ಟುಕೊಳ್ಳಿ. ಪದ್ಮಾಸನ ಬರದಿದ್ದರೆ ಸುಖಾಸನದಲ್ಲಿ ಕೂರಿ, ಪ್ರಾಣಾಯಾಮಕ್ಕೆ ಬೆನ್ನು ನೇರ ಇದ್ದರೆ ಆಯಿತು.

ರಥಸಪ್ತಮಿಗೆ 108 ಸೂರ್ಯ ನಮಸ್ಕಾರ ಮಾಡುವ ಕಾರ್ಯಕ್ರಮಗಳು ಎಲ್ಲ ಕಡೆ ನಡೆಯುತ್ತವೆ. ಜನವರಿಯಲ್ಲಿ ಕ್ಲಾಸ್ ಸೇರಿದವರು ಉತ್ಸಾಹದಲ್ಲಿ ಅದಕ್ಕೆ ನಿಂತು ಮಣಿಕಟ್ಟು, ಸೊಂಟ ಹಿಡಿಸಿಕೊಳ್ಳುತ್ತಾರೆ. ಮೊದಲ ವರ್ಷ 12 ಮಾಡಿ, ಉಳಿದದ್ದು ಕೂತು ನೋಡಿ. ದಿನಾ ಅಭ್ಯಾಸ ಮಾಡಿ 24, 36 ಅಂತ ಏರಿಸಿಕೊಂಡು ಬಂದರೆ ಮುಂದಿನ ವರ್ಷ 108 ಕಷ್ಟವಾಗುವುದಿಲ್ಲ.

ಹೆಜ್ಜೆ 7: ಕ್ಲಾಸ್ ಇಲ್ಲದ ದಿನ ಮನೆಯಲ್ಲಿ

ಮದುವೆ, ಹಬ್ಬ, ಹೊಲದ ಕೆಲಸ ಅಂತ ಕ್ಲಾಸ್ ತಪ್ಪುವ ದಿನ ಇದ್ದೇ ಇರುತ್ತವೆ. ಆ ದಿನ ಕಲಿತದ್ದನ್ನೆಲ್ಲ ಮಾಡಲು ಹೋಗಬೇಡಿ. ಕಾಲ್ಬೆರಳಿಂದ ಕುತ್ತಿಗೆವರೆಗೆ ಕೀಲುಗಳನ್ನು ತಿರುಗಿಸಿ. ಗೋಡೆಗೆ ಬೆನ್ನು ತಾಗಿಸಿ ತಾಡಾಸನದಲ್ಲಿ ನಿಲ್ಲಿ, ಗೋಡೆ ಹಿಡಿದು ವೃಕ್ಷಾಸನ ಎರಡೂ ಕಡೆ ಮಾಡಿ. ಬೋರಲು ಮಲಗಿ ಭುಜಂಗಾಸನ ಮೂರು ಸಲ, ಮೊಣಕೈ ನೆಲದಲ್ಲೇ ಇದ್ದರೂ ಸರಿ. ಅಂಗಾತ ಮಲಗಿ ಸೇತುಬಂಧ ಮೂರು ಸಲ. ಆಮೇಲೆ ಗೋಡೆಗೆ ಕಾಲು ಒರಗಿಸಿ ಐದು ನಿಮಿಷ ಮಲಗಿ, ಫ್ಯಾಕ್ಟರಿಯಲ್ಲಿ ನಿಂತು ಬಂದವರು ಹತ್ತು ನಿಮಿಷ. ಗ್ಲಾಕೋಮಾ ಇರುವವರು ಇದರ ಬದಲು ಕಾಲನ್ನು ಕುರ್ಚಿಯ ಸೀಟಿನ ಮೇಲೆ ಇಟ್ಟು ಮಲಗಲಿ. ಎದ್ದು ಕೂತು ನಾಡಿಶೋಧನ ಒಂಬತ್ತು ಸುತ್ತು, ಉಸಿರು ಹಿಡಿಯದೆ. ಕೊನೆಗೆ ಶವಾಸನ. ಡಿಸೆಂಬರ್ ಜನವರಿಯ ಬೆಳಗಿನ ಚಳಿಯಲ್ಲಿ ಮೈ ಮೇಲೆ ಹೊದಿಕೆ ಹಾಕಿಕೊಳ್ಳಿ, ಮೈ ನಡುಗುತ್ತಿದ್ದರೆ ಸಡಿಲ ಬಿಡಲು ಆಗುವುದಿಲ್ಲ. ಏಳುವಾಗ ಬಲಕ್ಕೆ ಹೊರಳಿ, ಕೈ ಊರಿ ಎದ್ದು ಕೂರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಂದು ನಿಮಿಷ ಹಾಗೇ ಕೂತಿದ್ದು ಆಮೇಲೆ ನಿಲ್ಲಬೇಕು, ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುವ ಸಂಭವ ಇದೆ.